ಮೊದಲ ಬಸ್ಸಿನ ಪತ್ರಿಕೋದ್ಯಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ವಿಧಾನಸೌಧದಿಂದ ಸುಮಾರು 40 ಕಿ.ಮೀ. ಒಳಗೇ ಇರುವ ಊರುಗಳು. ಈ ಕಡೆಯಿಂದ ಪತ್ರಿಕೋದ್ಯಮ ಓದಲು ಹೋದವರು ನಾಲ್ಕು ಜನ ಒಂದೆಡೆ ಸೇರಿದರೆ ಮೊದಲು ಬರುವುದು ಬಸ್ಸಿನ ಮಾತು. ಊರು ಹತ್ತಿರವೇ ಇದೆಯಲ್ಲ ಎಂದು ಹಾಸ್ಟೆಲ್ ಸಿಗುತ್ತಿರಲಿಲ್ಲ, ರೂಮು ಮಾಡಿಕೊಳ್ಳಲು ಮನೆಯಲ್ಲಿ ದುಡ್ಡಿರುತ್ತಿರಲಿಲ್ಲ. ಪಾಸು ಮಾಡಿಸಿಕೊಂಡು ದಿನಾ ಓಡಾಡಬೇಕು. ಬೆಳಗಿನ ಮೊದಲ ಬಸ್ಸಿಗೆ ನಿಲ್ದಾಣಕ್ಕೆ ಬರುವ ಹೊತ್ತಿಗೆ ಬೆಂಗಳೂರಿನಿಂದ ಬಂದ ಪೇಪರ್ ಬಂಡಲುಗಳನ್ನು ಏಜೆಂಟರ ಹುಡುಗರು ಬಿಚ್ಚಿ ಎಣಿಸುತ್ತ ಕೂತಿರುತ್ತಿದ್ದರು. ಒಂದು ಪೇಪರು ಕೊಂಡು, ಹಾಳೆ ಹಂಚಿಕೊಂಡು, ಯಲಹಂಕ ಬರುವುದರೊಳಗೆ ಓದಿ ಮುಗಿಸುತ್ತಿದ್ದೆವು. ನಮ್ಮ ತಾಲ್ಲೂಕಿನ ಸುದ್ದಿ ಏನಾದರೂ ಇದೆಯೇ ಎಂದು ಕಣ್ಣು ಮೊದಲು ಅದನ್ನೇ ಹುಡುಕುತ್ತಿತ್ತು. ಬಹಳ ದಿನ ಇರುತ್ತಿರಲಿಲ್ಲ. ಇದ್ದರೆ ಹೆದ್ದಾರಿಯ ಅಪಘಾತ, ಮಂತ್ರಿಗಳ ಭೇಟಿ, ವರ್ಷಕ್ಕೊಮ್ಮೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ.

ರಾಜಧಾನಿಗೆ ಇಷ್ಟು ಹತ್ತಿರವಿರುವ ಊರುಗಳು ಸುದ್ದಿಗೆ ಯಾಕಿಷ್ಟು ದೂರ? ಎರಡು ವರ್ಷದ ಓದಿನುದ್ದಕ್ಕೂ ನಮ್ಮ ಕಡೆಯವರ ಜೊತೆಗಿದ್ದ ಪ್ರಶ್ನೆ ಇದು. ಓದಿದ ಪಾಠದೊಳಗೇ ಅದಕ್ಕೆ ಉತ್ತರವಿತ್ತು. ಆ ಪಾಠವನ್ನು ನಮ್ಮ ಊರಿಗೆ ಹೊಂದಿಸಿ ನೋಡುವುದಕ್ಕೆ ಮಾತ್ರ ಬಹಳ ವರ್ಷ ಹಿಡಿಯಿತು.

ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ. ಅದರ ಸಂವಹನ ವಿಭಾಗ ಬಂದದ್ದು 1970ರ ದಶಕದಲ್ಲಿ. ತೊಂಬತ್ತರ ದಶಕದ ಮೊದಲಲ್ಲಿ ನಾವು ಓದುವಾಗ ಪದವಿಯ ಹೆಸರು ಎಂ.ಎಸ್. ಕಮ್ಯುನಿಕೇಷನ್, ಪಾಠ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದರೆ ಮೈಸೂರು ಬ್ಯಾಂಕ್ ವೃತ್ತ, ಅದರ ಪಕ್ಕದಲ್ಲೇ ಕಾಲೇಜು. ವೃತ್ತದಲ್ಲಿ ಆಗಾಗ ಯಾರದಾದರೂ ಪ್ರತಿಭಟನೆ ಇರುತ್ತಿತ್ತು. ವಿಧಾನಸೌಧ, ಹೈಕೋರ್ಟು, ಕಬ್ಬನ್ ಪಾರ್ಕಿನ ಪ್ರೆಸ್‌ಕ್ಲಬ್ ಎಲ್ಲವೂ ಕಾಲ್ನಡಿಗೆಯ ದೂರ. ಪತ್ರಿಕೋದ್ಯಮ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಇರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಕೆ.ಇ. ಈಪನ್, ಎಚ್.ಎಸ್. ಈಶ್ವರ, ಲೀಲಾ ರಾವ್ ಅವರಂಥ ಪ್ರಾಧ್ಯಾಪಕರು ಕಟ್ಟಿದ ವಿಭಾಗ ಅದು.

ಕರ್ನಾಟಕದಲ್ಲಿ ಪತ್ರಿಕೋದ್ಯಮವನ್ನು ತರಗತಿಗೆ ತಂದ ಹಿರಿಮೆ ಮಾತ್ರ ಮೈಸೂರಿನದು. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮದ ಶಾಲೆ ತೆರೆಯಿತು, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯಕ್ಕೆ ಆ ಪಾಠ 1941ರಲ್ಲಿ ಬಂತು. ಹತ್ತೇ ವರ್ಷಕ್ಕೆ, 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅದನ್ನು ಶುರುಮಾಡಿದರು. ಅಶೋಕನಿಂದ ನೆಹರೂವರೆಗೆ ಭಾರತದ ಪತ್ರಿಕೋದ್ಯಮದ ಕಥೆ ಹೇಳುವ ಅವರ ಇಂಗ್ಲಿಷ್ ಪುಸ್ತಕವನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 1966ರಲ್ಲಿ ತಂದಿತು. ಆಮೇಲೆ ಧಾರವಾಡ, ಮಂಗಳಗಂಗೋತ್ರಿ, ಕಲಬುರಗಿ, ಶಂಕರಘಟ್ಟ ಎಲ್ಲ ಕಡೆಗೂ ವಿಭಾಗಗಳು ಬಂದವು. ಪದವಿ ಕಾಲೇಜುಗಳಲ್ಲಿ ಇತಿಹಾಸ, ಕನ್ನಡದ ಜೊತೆ ಐಚ್ಛಿಕ ಪತ್ರಿಕೋದ್ಯಮವೂ ಸೇರಿತು. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಗಿ, ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ನಿಂತಿತು. ಪತ್ರಿಕೋದ್ಯಮದ ಮೇಷ್ಟ್ರಾದ ನಿರಂಜನ ವಾನಳ್ಳಿಯವರೇ ಅದರ ಕುಲಪತಿಯಾಗಿದ್ದರು.

ನಮ್ಮ ತರಗತಿಗೆ ಬರುತ್ತೇನೆ. ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಲಾಸ್ವೆಲ್, ಶ್ರಾಮ್, ಮೆಕ್ಲುಹಾನ್ ಎಂಬ ಹೆಸರುಗಳು ಮೊದಲ ವಾರವೇ ಬಂದು ತಲೆಯ ಮೇಲೆ ಕೂತವು. ಹಳ್ಳಿಯಿಂದ ಬಂದವರಿಗೆ ಸ್ವಲ್ಪ ಉಸಿರಾಡಲು ಬಿಟ್ಟದ್ದು ಅಭಿವೃದ್ಧಿ ಸಂವಹನದ ಪತ್ರಿಕೆ. ಅದರಲ್ಲಿ 'ಸೈಟ್' ಪ್ರಯೋಗದ ಕಥೆ ಬರುತ್ತಿತ್ತು: 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದ್ದು. ನಮ್ಮ ರಾಯಚೂರು, ಬಿಜಾಪುರ, ಗುಲಬರ್ಗಾ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ ರಾಯಚೂರು ಸೀಮೆಯ ರೈತ ಆಕಾಶದಿಂದ ಬಂದ ಚಿತ್ರ ನೋಡಿದ್ದ ಎಂದು ತಿಳಿದಾಗ ಆದ ಸಂತೋಷ ನೆನಪಿದೆ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮ್ಯಾಕ್‌ಬ್ರೈಡ್ ವರದಿ. ಯುನೆಸ್ಕೊ ನೇಮಿಸಿದ ಆಯೋಗ 1980ರಲ್ಲಿ ಕೊಟ್ಟ ವರದಿ ಅದು. ಲೋಕದ ಸುದ್ದಿಯೆಲ್ಲ ಶ್ರೀಮಂತ ದೇಶಗಳಿಂದ ಬಡ ದೇಶಗಳ ಕಡೆಗೆ ಹರಿಯುತ್ತದೆ; ಬಡ ದೇಶದ ಸುದ್ದಿ ಹೊರಗೆ ಹೋಗುವುದು ಬರ, ಪ್ರವಾಹ, ಗಲಭೆ ಆದಾಗ ಮಾತ್ರ ಎಂಬ ಕೊರಗು ಅದರ ಹಿಂದಿತ್ತು. ಪರೀಕ್ಷೆಗೆ ಅದನ್ನು ಉರುಹೊಡೆದು, ಲಂಡನ್ನು, ನ್ಯೂಯಾರ್ಕಿನ ಸುದ್ದಿಸಂಸ್ಥೆಗಳನ್ನು ಹೆಸರಿಸಿ ಪುಟಗಟ್ಟಲೆ ಬರೆದೆವು. ಬೆಂಗಳೂರಿಗೂ ದೇವನಹಳ್ಳಿಗೂ ನಡುವೆ ಇರುವುದು ಇದೇ ಸಂಬಂಧ ಎಂದು ತರಗತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬೆಂಗಳೂರಿನಲ್ಲಿ ಯಾವ ರಸ್ತೆಗೆ ಡಾಂಬರು ಬಿತ್ತು ಎಂಬುದು ಆವತಿಯವರಿಗೆ, ವಿಶ್ವನಾಥಪುರದವರಿಗೆ ಬೆಳಗಾದರೆ ಗೊತ್ತಾಗುತ್ತಿತ್ತು. ಅವರ ಊರಿನ ಕೆರೆ ಕೋಡಿ ಬಿದ್ದದ್ದು ಬೆಂಗಳೂರಿಗೆ ತಿಳಿಯುತ್ತಲೇ ಇರಲಿಲ್ಲ.

ಕೆರೆಯ ಮಾತು ಬಂತೆಂದು ಹೇಳುತ್ತೇನೆ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಹೋದದ್ದು 1890ರ ದಶಕದಲ್ಲಿ, ಹೆಸರಘಟ್ಟದಿಂದ, ಅರ್ಕಾವತಿಯ ನೀರು. ಅದೇ ಹೊಳೆಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯವಾಯಿತು. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ಸೀಮೆಯ ಕೆರೆಗಳನ್ನು ತುಂಬಿಸಿಕೊಂಡು ಹೋಗುವ ಹೊಳೆ ಅದು. ನೀರು ಕೊಟ್ಟವರ ಸುದ್ದಿ ನೀರು ಕುಡಿದವರಿಗೆ ಬೇಕಿತ್ತು.

ಇಷ್ಟಾದರೂ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಸಿದ್ಧಾಂತದ ಹೆಸರುಗಳು ಬರುವುದು ಅಪರೂಪ. ಎಲ್ಲರಿಗೂ ನೆನಪಿರುವುದು ಕಾಪಿ ತಿದ್ದಿಸಿಕೊಂಡ ದಿನಗಳು. ಪ್ರಾಯೋಗಿಕ ಪತ್ರಿಕೆಗೆ ನಿಮ್ಮ ಊರಿನದೇ ಒಂದು ವರದಿ ತನ್ನಿ ಎಂದು ಒಮ್ಮೆ ಹೇಳಿದ್ದರು. ನೆಲಮಂಗಲದ ಕಡೆಯಿಂದ ಬರುತ್ತಿದ್ದ ಗೆಳತಿಯೊಬ್ಬಳು ತನ್ನ ಹಳ್ಳಿಯ ಕುಡಿಯುವ ನೀರಿನ ಕಷ್ಟ ಬರೆದು ತಂದಳು. 'ನೀರಿಗಾಗಿ ಹಾಹಾಕಾರ' ಎಂದು ತಲೆಬರಹ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಆ ಪದದ ಸುತ್ತ ಗೆರೆ ಎಳೆದು ಕೇಳಿದರು: "ಹಾಹಾಕಾರ ಅಂದ್ರೆ ಎಷ್ಟು ಬಿಂದಿಗೆ ಅಮ್ಮಾ?"

ಅವಳಿಗೆ ಅಳು ಬಂದಿತ್ತು. ಅವರು ಬಿಡಲಿಲ್ಲ. ಊರಲ್ಲಿ ಎಷ್ಟು ಮನೆ, ಬೋರ್‌ವೆಲ್ ಎಷ್ಟಿದ್ದವು, ಈಗ ಎಷ್ಟು ಬರುತ್ತಿದೆ, ಮೋಟಾರು ಹಾಕುವ ನೀರುಗಂಟಿ ಏನೆನ್ನುತ್ತಾನೆ, ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಕೊಡುತ್ತಾರೆ, ಕೆಇಬಿಯವರನ್ನು ಕೇಳಿದೆಯಾ? ಒಂದಕ್ಕೂ ಅವಳ ಕಾಪಿಯಲ್ಲಿ ಉತ್ತರವಿರಲಿಲ್ಲ. ಆ ವಾರ ಅವಳು ತರಗತಿ ಬಿಟ್ಟು ಊರಲ್ಲೇ ಉಳಿದಳು. ರಾತ್ರಿ ತೊಂಬೆಯ ಹತ್ತಿರ ಕೂತು ಸಾಲಿನಲ್ಲಿಟ್ಟ ಬಿಂದಿಗೆ ಎಣಿಸಿದಳು. ಯಾರ ಬಿಂದಿಗೆ ಮುಂದೆ, ಯಾರದು ಹಿಂದೆ, ಕಾಲೊನಿಯವರ ಬಿಂದಿಗೆ ಯಾಕೆ ಬೇರೆ ಸಾಲು ಎಂಬುದನ್ನೂ ಬರೆದುಕೊಂಡಳು. ಹಾಗೆ ಬರೆದು ತಂದ ಎರಡನೆಯ ಕಾಪಿ ಮೊದಲಿನದಕ್ಕಿಂತ ಚಿಕ್ಕದಿತ್ತು. ರಾತ್ರಿ ಎರಡಕ್ಕೆ ಕರೆಂಟು ಬರುವ ಊರಿನಲ್ಲಿ ಹೆಂಗಸರು ಯಾವಾಗ ಮಲಗುತ್ತಾರೆ ಎಂಬುದರಿಂದ ಅದು ಶುರುವಾಗುತ್ತಿತ್ತು. ಕರೆಂಟಿನ ವೇಳೆ ಬದಲಾಯಿಸಿದರೆ ಊರಿನ ಅರ್ಧ ಕಷ್ಟ ಕಳೆಯುತ್ತದೆ ಎಂದು ನೀರುಗಂಟಿಯೇ ಹೇಳಿದ್ದು ಎರಡನೆಯ ಪ್ಯಾರಾದಲ್ಲಿತ್ತು. ಮೇಷ್ಟ್ರು ಅದನ್ನು ಓದಿ, ಏನೂ ತಿದ್ದದೆ, ಮೂಲೆಯಲ್ಲಿ ಸಹಿ ಹಾಕಿ ಕಳಿಸಿದರು.

ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಪುಸ್ತಕದಿಂದ ಯಾರು ಬೇಕಾದರೂ ಕಲಿಯಬಹುದು. ತಾನು ಹುಟ್ಟಿ ಬೆಳೆದ ಊರಿಗೇ ಅಪರಿಚಿತಳಂತೆ ಹೋಗಿ ಆ ಆರನ್ನೂ ಕೇಳುವ ಧೈರ್ಯ ಬರುವುದಕ್ಕೆ ಮೇಷ್ಟ್ರು ಬೇಕು, ಜೊತೆಯವರು ಬೇಕು, ಮತ್ತೆ ಬರೆದು ತಾ ಎನ್ನುವವರು ಬೇಕು. ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಬಹುದೇ ಎಂದು ಹಿರಿಯ ಪತ್ರಕರ್ತರು ಆಗಾಗ ಕೇಳುತ್ತಾರೆ. ಕಲಿಸಬಹುದು ಎಂಬುದಕ್ಕೆ ಆ ಎರಡನೆಯ ಕಾಪಿಯೇ ಸಾಕ್ಷಿ.

ತರಗತಿಯ ಮುಖ ನೋಡದೆ ಪತ್ರಿಕೋದ್ಯಮ ಕಟ್ಟಿದವರೂ ಈ ಮಣ್ಣಿನಲ್ಲಿದ್ದಾರೆ. ಡಿವಿಜಿ ಹೆಸರಿನ ಮೊದಲಕ್ಷರ ದೇವನಹಳ್ಳಿಯದು. 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಾದರೂ ಮನೆತನದ ಬೇರು ಇಲ್ಲಿದೆ. ಮೆಟ್ರಿಕ್ಯುಲೇಷನ್ ದಾಟದ ಅವರು ಪತ್ರಿಕೆಗಳಲ್ಲಿ ದುಡಿಯುತ್ತಲೇ ಕಲಿತರು, 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು, ಮೈಸೂರು ಸಂಸ್ಥಾನದ 1908ರ ಪತ್ರಿಕಾ ನಿರ್ಬಂಧ ಕಾನೂನನ್ನು ಎದುರಿಸಿ ಬರೆದರು. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮುಂದೆ ಇದೇ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚೆನ್ನಬಸವಯ್ಯನವರನ್ನು ಜನ ಚಿತ್ರಕಾರರೆಂದೇ ಬಲ್ಲರು; ಸ್ವಾತಂತ್ರ್ಯ ಹೋರಾಟಗಾರರಾದ ಅವರು 'ತಾಯಿನಾಡು' ಪತ್ರಿಕೆಯನ್ನೂ ಸಂಪಾದಿಸಿದ್ದರು. ದೊಡ್ಡಬಳ್ಳಾಪುರದ ನೇಕಾರ ಮನೆಯ ಡಿ.ಆರ್. ನಾಗರಾಜ್ ನಾವು ಓದುವಾಗ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಕನ್ನಡದ ಮೇಷ್ಟ್ರು. ಅವರು ಪತ್ರಕರ್ತರಲ್ಲ, ವಿಮರ್ಶಕರು. ಆದರೂ ಮಗ್ಗದ ಸದ್ದಿನ ಬೀದಿಯಿಂದ ಬಂದವರೊಬ್ಬರ ಮಾತನ್ನು ದೇಶವೇ ಕೇಳುತ್ತಿದೆ ಎಂಬುದು ನಮ್ಮಲ್ಲಿ ಮೊದಲ ಬಸ್ಸು ಹತ್ತುವವರಿಗೆ ಎಷ್ಟು ಬಲ ಕೊಡುತ್ತಿತ್ತೆಂದು ಹೇಳಲಾರೆ. 1998ರಲ್ಲಿ, ಇನ್ನೂ 45 ತುಂಬುವ ಮೊದಲೇ, ಅವರು ತೀರಿಹೋದರು.

ಪದವಿ ಮುಗಿದ ಮೇಲೆ ನಮ್ಮ ಕಡೆಯವರು ಹಂಚಿಹೋದರು. ಕೆಲವರು ದಿನಪತ್ರಿಕೆಗಳ ಡೆಸ್ಕ್ ಸೇರಿದರು. 1994ರಲ್ಲಿ ಉದಯ ಟೀವಿ ಬಂದು, ಆಮೇಲೆ ವಾಹಿನಿಗಳ ಸಾಲೇ ಶುರುವಾದಾಗ ಕ್ಯಾಮೆರಾದ ಕಡೆ ಹೊರಳಿದವರಿದ್ದಾರೆ. ಕೆಲವರು ಕಂಪನಿಗಳ ಪ್ರಚಾರ ವಿಭಾಗಕ್ಕೆ, ಕೆಲವರು ಪಾಠ ಹೇಳಲು ಹೋದರು. ಊರಿಗೆ ಹಿಂತಿರುಗಿ ಅರೆಕಾಲಿಕ ವರದಿಗಾರರಾದವರು ಬೆರಳೆಣಿಕೆಯಷ್ಟು. ಆ ಕೆಲಸದಲ್ಲಿ ಸಂಬಳ ಎಂಬುದಿರಲಿಲ್ಲ. ಅಚ್ಚಾದ ಸುದ್ದಿಯನ್ನು ಕಾಲಂ ಸೆಂಟಿಮೀಟರಿನಲ್ಲಿ ಅಳೆದು ದುಡ್ಡು ಕೊಡುತ್ತಿದ್ದರು. ಪತ್ರಿಕೆಯ ಏಜೆನ್ಸಿ, ಜಾಹೀರಾತು, ವರದಿ ಮೂರನ್ನೂ ಒಬ್ಬನೇ ಹೊರುವುದೂ ಇತ್ತು.

ಆಗ ಸುದ್ದಿ ಕಳಿಸುತ್ತಿದ್ದ ಬಗೆ ಈಗಿನ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಹಾಳೆಯ ಒಂದೇ ಮಗ್ಗುಲಿಗೆ, ಸಾಲು ಬಿಟ್ಟು ಬರೆದು, ಫೋಟೊ ಇದ್ದರೆ ಹಿಂದೆ ವಿವರ ಅಂಟಿಸಿ, ಕವರಿನ ಮೇಲೆ 'ಪತ್ರಿಕಾ ಸುದ್ದಿ, ತುರ್ತು' ಎಂದು ಬರೆದು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಮೆಜೆಸ್ಟಿಕ್‌ನಲ್ಲಿ ಪತ್ರಿಕಾ ಕಚೇರಿಯ ಹುಡುಗ ಬಂದು ಇಸಿದುಕೊಳ್ಳುತ್ತಿದ್ದ. ಬಸ್ಸು ಕೆಟ್ಟರೆ ಸುದ್ದಿ ನಾಳೆಗೆ. ಆಮೇಲೆ ಫ್ಯಾಕ್ಸ್, ಬರಹ, ನುಡಿ ತಂತ್ರಾಂಶ, ಇಮೇಲ್, ಈಗ ವಾಟ್ಸ್ಆ್ಯಪ್. ಕವರು ಹೊತ್ತ ಕಂಡಕ್ಟರುಗಳು ಒಂದು ಪೈಸೆ ಕೇಳಲಿಲ್ಲ. ಈ ಜಿಲ್ಲೆಯ ಪತ್ರಿಕೋದ್ಯಮದಲ್ಲಿ ಅವರ ಪಾಲೂ ಇದೆ.

ಜಿಲ್ಲೆಯ ಕಥೆಯೂ ವಿಚಿತ್ರವೇ. 1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆಯಾಯಿತು. 2007ರಲ್ಲಿ ರಾಮನಗರ ಬೇರೆಯಾಗಿ ನಾಲ್ಕು ತಾಲ್ಲೂಕು ಉಳಿದವು. ಜಿಲ್ಲಾಧಿಕಾರಿ ಕಚೇರಿ ಮಾತ್ರ ಬಹುಕಾಲ ಬೆಂಗಳೂರು ನಗರದೊಳಗೇ ಇತ್ತು. ತಮ್ಮ ಜಿಲ್ಲೆಯ ಸುದ್ದಿಗೆ ವರದಿಗಾರರು ಪರಜಿಲ್ಲೆಗೆ ಹೋಗಬೇಕಿತ್ತು. ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನವಾದ ಮೇಲೆ ಆ ಅಲೆದಾಟ ತಪ್ಪಿತು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಂಪುಟ ಸಭೆ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು.

2008ರ ಮೇ 24ರಂದು ವಿಮಾನ ನಿಲ್ದಾಣ ಶುರುವಾದ ಮೇಲೆ 'ದೇವನಹಳ್ಳಿ' ಎಂಬ ಡೇಟ್‌ಲೈನ್ ಪತ್ರಿಕೆಯಲ್ಲಿ ದಿನವೂ ಕಾಣತೊಡಗಿತು. ಚಿನ್ನ ವಶ, ವಿಮಾನ ತಡ, ಗಣ್ಯರ ಆಗಮನ. ಆ ಸುದ್ದಿಗಳಲ್ಲಿ ಊರಿನ ಹೆಸರಿದೆ, ಊರಿನವರಿಲ್ಲ. ಅದೇ ಹೊತ್ತಿನಲ್ಲಿ ತಾಲ್ಲೂಕಿನ ಮನೆಮನೆಯಲ್ಲೂ ಜನ ಆಡುತ್ತಿದ್ದ ಮಾತು ಬೇರೆ: ಯಾವ ಸರ್ವೆ ನಂಬರಿಗೆ ನೋಟಿಸು ಬಂತು?

ಇಲ್ಲಿ ನಮ್ಮ ಓದಿನ ಒಂದು ದೊಡ್ಡ ಕೊರತೆಯನ್ನು ಹೇಳಲೇಬೇಕು. ಪಹಣಿ ಓದುವುದು, ಮ್ಯುಟೇಷನ್ ಎಂದರೇನು ಎಂದು ತಿಳಿಯುವುದು, ರಾಜ್ಯಪತ್ರದ ಅಧಿಸೂಚನೆಯನ್ನು ಬಿಡಿಸಿ ನೋಡುವುದು ಪತ್ರಿಕೋದ್ಯಮದ ಪಠ್ಯಕ್ರಮಗಳಲ್ಲಿ ಸಿಗುವುದು ಅಪರೂಪ. ನಮ್ಮ ಕಡೆಯ ರೈತರಿಗೆ ಆ ಭಾಷೆ ಬಾಯಿಪಾಠ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಪ್ರಕಾರ ಸರ್ಕಾರ ಮೊದಲು 28(1)ರ ಅಡಿಯಲ್ಲಿ ಭೂಮಿ ಪಡೆಯುವ ಉದ್ದೇಶವನ್ನು ಪ್ರಕಟಿಸುತ್ತದೆ. ಆಮೇಲೆ ಮಾಲೀಕರಿಗೆ ನೋಟಿಸು; ಆಕ್ಷೇಪಣೆ ಹೇಳಲು 30 ದಿನ. ಅದನ್ನು ಕೇಳಿದ ಬಳಿಕ 28(4)ರ ಅಂತಿಮ ಅಧಿಸೂಚನೆ. ಒಂದು ಹಳ್ಳಿಯ ಹಣೆಬರಹ ಬದಲಾಗುವ ದೊಡ್ಡ ಸುದ್ದಿ ಹುಟ್ಟುವುದು 28(1)ರ ದಿನ, ಆಗಿನ್ನೂ ಹೊಲದಲ್ಲಿ ರಾಗಿ ನಿಂತಿರುವಾಗ. ಕ್ಯಾಮೆರಾಗಳು ಬರುವುದು ಪೊಲೀಸ್ ವ್ಯಾನು ಬಂದ ಮೇಲೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಆದದ್ದು ಅದೇ. 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲ್ 4ರಂದು ಧರಣಿ ಕೂತರು. ತಾಲ್ಲೂಕಿನ ವರದಿಗಾರರು ಮೊದಲಿನಿಂದ ಬರೆಯುತ್ತ ಬಂದರು. ಒಳಪುಟಗಳಲ್ಲಿ, ನಾಲ್ಕು ಸಾಲು, ಆರು ಸಾಲು. ರಾಜ್ಯದ ಗಮನ ಪೂರ್ತಿ ಅತ್ತ ತಿರುಗಿದ್ದು 2025ರ ಜೂನ್ 25ರಂದು ಹೋರಾಟಗಾರರನ್ನು ಪೊಲೀಸರು ಎಳೆದೊಯ್ದ ಮೇಲೆ. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಧರಣಿಗೆ ಅಂದು 1,198 ದಿನ. ಮೂರು ವರ್ಷ ನಾಲ್ಕು ಸಾಲಿನಲ್ಲಿದ್ದ ಸುದ್ದಿ ಮೂರು ವಾರದಲ್ಲಿ ಮುಖಪುಟ ತುಂಬಿತು. ನಾವು ಪರೀಕ್ಷೆಗೆ ಓದಿದ್ದ ಮ್ಯಾಕ್‌ಬ್ರೈಡ್ ವರದಿ ನನಗೆ ಸರಿಯಾಗಿ ಅರ್ಥವಾದದ್ದು ಆ ಮೂರು ವಾರದಲ್ಲಿ.

ಆ ಆಯೋಗದಲ್ಲಿ ಭಾರತದ ಸದಸ್ಯರಾಗಿದ್ದವರು ಬಿ.ಜಿ. ವರ್ಗೀಸ್. 'ಹಿಂದೂಸ್ತಾನ್ ಟೈಮ್ಸ್' ಸಂಪಾದಕರಾಗಿದ್ದಾಗ ಅವರು 1969ರಲ್ಲಿ ಒಂದು ಕೆಲಸ ಮಾಡಿದರು. ದಿಲ್ಲಿಗೆ ಹತ್ತಿರದ, ಹರಿಯಾಣದ ಛತೇರಾ ಎಂಬ ಹಳ್ಳಿಯನ್ನು ಆರಿಸಿಕೊಂಡು, ವರದಿಗಾರರನ್ನು ಮತ್ತೆ ಮತ್ತೆ ಅಲ್ಲಿಗೇ ಕಳಿಸಿ, ಅದರ ದಿನದಿನದ ಬದುಕನ್ನು ರಾಜಧಾನಿಯ ಪತ್ರಿಕೆಯಲ್ಲಿ ಅಂಕಣವಾಗಿ ಬರೆಸಿದರು. ಹಳ್ಳಿಗೆ ಅನಾಹುತ ಆಗಲಿ ಎಂದು ಆ ಅಂಕಣ ಕಾಯಲಿಲ್ಲ. 1975ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಭಾರತದ ಪತ್ರಿಕೋದ್ಯಮ ವಿದ್ಯಾರ್ಥಿಗಳು ಛತೇರಾದ ಹೆಸರನ್ನು ಇಂದಿಗೂ ಓದುತ್ತಾರೆ.

ಬೆಂಗಳೂರಿನ ಮಗ್ಗುಲಲ್ಲಿ ಅಂಥ ಒಂದು ಹಳ್ಳಿ ಯಾಕಿರಬಾರದು? ದೊಡ್ಡ ಪತ್ರಿಕೆಗಳಿಗೆ ಪುರುಸೊತ್ತಿಲ್ಲದಿರಬಹುದು. ವಿಶ್ವವಿದ್ಯಾಲಯದ ವಿಭಾಗಗಳಿಗೆ ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರುತ್ತಾರೆ, ಪ್ರಾಯೋಗಿಕ ಪತ್ರಿಕೆ ಹೇಗೂ ತರಲೇಬೇಕು, ಅಂಕ ಹೇಗೂ ಕೊಡಲೇಬೇಕು. ಒಂದು ವಿಭಾಗ ಒಂದು ಹಳ್ಳಿಯನ್ನು ಹಿಡಿದುಕೊಳ್ಳಲಿ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯೋ, ದಕ್ಷಿಣ ಪಿನಾಕಿನಿಯ ದಂಡೆಯ ಹೊಸಕೋಟೆಯ ಊರೋ, ಶಿವಗಂಗೆ ಬೆಟ್ಟದ ಬುಡದ ಹಳ್ಳಿಯೋ ಆಗಲಿ. ಈ ವರ್ಷದವರು ಬರೆದ ಟಿಪ್ಪಣಿ ಮುಂದಿನ ವರ್ಷದವರ ಕೈಗೆ ಹೋಗಲಿ. ಹತ್ತು ವರ್ಷ ಹಾಗೆ ಬರೆದರೆ ಆ ಊರಿನ ನೀರು, ನೆಲ, ಮಜೂರಿ, ಶಾಲೆ ಎಲ್ಲದರ ದಾಖಲೆ ಯಾವ ಸರ್ಕಾರಿ ಕಡತದಲ್ಲೂ ಇಲ್ಲದಷ್ಟು ಗಟ್ಟಿಯಾಗುತ್ತದೆ. ಈಗ ಕವರು ಹೊರಿಸುವ ಕಂಡಕ್ಟರ್ ಬೇಕಿಲ್ಲ, ಮೊಬೈಲ್ ಎಲ್ಲರ ಕೈಯಲ್ಲಿದೆ. ಬೇಕಾಗಿರುವುದು ಮತ್ತೆ ಅದೇ ಊರಿಗೆ ಹೋಗುವ ಕಾಲು, ಕಾಗದ ಓದುವ ಕಣ್ಣು.

ಈ ನಾಲ್ಕು ತಾಲ್ಲೂಕಿನಿಂದ ಪತ್ರಿಕೋದ್ಯಮ ಓದಿ ಬೆಂಗಳೂರಿನಲ್ಲಿ ನೆಲೆ ನಿಂತ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ತಿಂಗಳಿಗೊಂದು ಶನಿವಾರ ನಿಮ್ಮೂರಿನ ಪದವಿ ಕಾಲೇಜಿಗೆ ಹೋಗಿ. ನಿಮ್ಮನ್ನು ತಿದ್ದಿದ ಮೇಷ್ಟ್ರಂತೆ ಒಂದು ಹುಡುಗಿಯ, ಒಬ್ಬ ಹುಡುಗನ ಕಾಪಿ ತಿದ್ದಿ. ಓದುಗರಲ್ಲೂ ಒಂದು ಕೋರಿಕೆ ಇದೆ. ನಿಮ್ಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಯಾವುದೇ ಅಧಿಸೂಚನೆ ಅಂಟಿಸಿದರೆ ಅದರ ಫೋಟೊ ತೆಗೆದು ಅದೇ ದಿನ ತಾಲ್ಲೂಕಿನ ವರದಿಗಾರರಿಗೂ ಹತ್ತಿರದ ಕಾಲೇಜಿನ ಪತ್ರಿಕೋದ್ಯಮ ಮೇಷ್ಟ್ರಿಗೂ ಕಳಿಸಿ. ಆಕ್ಷೇಪಣೆಗೆ ಇರುವುದು 30 ದಿನ.